ಸರ್ವರ್ ನಿಂತರೆ ದಂಡ ಯಾರಿಗೆ?

(ಮಂಡ್ಯದಲ್ಲಿ ವರ್ತಕರು ಮತ್ತು ಲೆಕ್ಕ ಬರೆಯುವವರು ಸೇರಿದ್ದ ಸಭೆಯಲ್ಲಿ ತೆರಿಗೆ ಸಲಹೆಗಾರರೊಬ್ಬರು ಆಡಿದ ಮಾತುಗಳ ಬರಹ ರೂಪ)

ಇಲ್ಲಿ ಅಕ್ಕಿ ಗಿರಣಿಯವರಿದ್ದೀರಿ, ಬೆಲ್ಲದ ಮಂಡಿಯವರಿದ್ದೀರಿ, ಪೇಟೆ ಬೀದಿಯ ಅಂಗಡಿಯವರಿದ್ದೀರಿ. ಹಿಂದಿನ ಸಾಲಿನಲ್ಲಿ ಲೆಕ್ಕ ಬರೆಯುವ ಹುಡುಗರು, ಹೆಣ್ಣುಮಕ್ಕಳು ಕೂತಿದ್ದೀರಿ. ತೆರಿಗೆ ಯಾಕೆ ಕಟ್ಟಬೇಕು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಕಟ್ಟೋಕೆ ದುಡ್ಡು ಕೈಯಲ್ಲಿ ಹಿಡಿದು ನಿಂತಿದ್ದರೂ ಬಾಗಿಲು ತೆರೆಯದೇ ಇದ್ದರೆ ಏನು ಮಾಡಬೇಕು, ಇವತ್ತಿನ ಮಾತು ಅದರ ಬಗ್ಗೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಸರ್ಕಾರದ ಪೋರ್ಟಲ್ ನಿಂತ ಹೊತ್ತನ್ನು ತೆರಿಗೆ ಕಟ್ಟುವವರ ಲೆಕ್ಕಕ್ಕೆ ಹಾಕಬಾರದು. ಅರ್ಜಿ ಹಾಕಿ, ಕಾಡಿ ಬೇಡಿ, ಟ್ವಿಟ್ಟರ್‌ನಲ್ಲಿ ಕೂಗಿ ಪಡೆಯುವ ರಿಯಾಯಿತಿ ಅದಾಗಬಾರದು. ತಾನಾಗೇ ಸಿಗಬೇಕು. ಮುಂದೆ ಹೇಳುವುದೆಲ್ಲ ಯಾಕೆ ಹೀಗೆ ಅನ್ನುವುದರ ವಿವರಣೆ.

20ನೇ ತಾರೀಖಿನ ಸಂಜೆಯಿಂದ ಶುರು ಮಾಡೋಣ. ತಿಂಗಳ ತೆರಿಗೆ ಲೆಕ್ಕ ಕೊಟ್ಟು ದುಡ್ಡು ಕಟ್ಟುವ ರಿಟರ್ನ್, ಅಂದರೆ ಜಿಎಸ್‌ಟಿಆರ್-3ಬಿ, ಅದಕ್ಕೆ ಕೊನೇ ದಿನ. ನಮ್ಮ ಊರುಗಳಲ್ಲಿ ಒಬ್ಬ ಸಲಹೆಗಾರರ ಕೈಯಲ್ಲಿ ಹತ್ತಾರು ಪಾರ್ಟಿಗಳ ಕೆಲಸ ಇರುತ್ತದೆ. ಖರೀದಿ ಬಿಲ್ಲುಗಳನ್ನು 18, 19ನೇ ತಾರೀಖಿನವರೆಗೂ ತಂದುಕೊಡುತ್ತಲೇ ಇರುತ್ತಾರೆ. ಸಂಜೆ ಐದಕ್ಕೆ ಲಾಗಿನ್ ಆಗುತ್ತೇವೆ. ಕ್ಯಾಪ್ಚಾ ಬರುತ್ತದೆ, ಹಾಕುತ್ತೇವೆ, ಚಕ್ರ ಸುತ್ತುತ್ತದೆ. ಒಳಗೆ ಹೋದರೆ ಲೆಕ್ಕ ತುಂಬಿ ಸೇವ್ ಒತ್ತಬೇಕು. ಸೇವ್ ಆಯಿತೋ ಇಲ್ಲವೋ ಗೊತ್ತಾಗುವ ಮೊದಲೇ ‘ಸೆಷನ್ ಮುಗಿದಿದೆ’ ಅಂತ ಹೊರಗೆ ಹಾಕುತ್ತದೆ. ಮತ್ತೆ ಲಾಗಿನ್. ಎಲ್ಲ ಮುಗಿಸಿ ಕೊನೆಗೆ ಓಟಿಪಿ ಹಂತಕ್ಕೆ ಬಂದರೆ, ಅದು ಹೋಗುವುದು ಮಾಲೀಕರ ಮೊಬೈಲಿಗೆ. ಅವರು ಮದ್ದೂರಿನಲ್ಲಿ ಮದುವೆ ಮನೆಯಲ್ಲಿರುತ್ತಾರೆ. ಫೋನ್ ಮಾಡಿ, ‘ಅಣ್ಣಾ, ನಂಬರ್ ಬಂತಾ?’ ಅಂತ ಕೇಳುತ್ತೇವೆ. ಬಂದಿಲ್ಲ. ಹತ್ತು ನಿಮಿಷ ದಾಟಿದ ಮೇಲೆ ಬರುತ್ತದೆ, ಅಷ್ಟೊತ್ತಿಗೆ ಅದರ ಅವಧಿ ಮುಗಿದಿರುತ್ತದೆ. ಮತ್ತೆ ಕಳಿಸು ಅಂದರೆ ಎರಡು ಓಟಿಪಿ ಒಟ್ಟಿಗೆ ಬಂದು ಯಾವುದು ಹೊಸದು ಅಂತ ಅವರಿಗೇ ತಿಳಿಯುವುದಿಲ್ಲ.

ರಾತ್ರಿ ಹನ್ನೆರಡು ದಾಟಿತು ಅಂದರೆ ಆ ಕಂಪ್ಯೂಟರ್‌ಗೆ ಎಲ್ಲಿಲ್ಲದ ಚುರುಕು ಬರುತ್ತದೆ. ದಿನಕ್ಕೆ 50 ರೂಪಾಯಿ ಲೇಟ್ ಫೀ. ವ್ಯವಹಾರವೇ ಇಲ್ಲದ ನಿಲ್ ರಿಟರ್ನ್ ಆದರೆ ದಿನಕ್ಕೆ 20. ಮುಂದಿನ ತಿಂಗಳ ಫಾರಂ ತೆಗೆದರೆ ಆ ಲೇಟ್ ಫೀ ತಾನಾಗೇ ತುಂಬಿಕೊಂಡು ಕೂತಿರುತ್ತದೆ. ಗಮನಿಸಿ, ದಂಡ ತಾನಾಗೇ ಲೆಕ್ಕ ಹಾಕಲು ಸಾಫ್ಟ್‌ವೇರ್ ಇದೆ. ಹಿಂದಿನ ತಿಂಗಳು ಇದೇ ಸಿಸ್ಟಂ ಆರು ಗಂಟೆ ನಿಂತಿತ್ತು ಅನ್ನುವುದನ್ನು ಲೆಕ್ಕಕ್ಕೆ ತಗೊಳ್ಳುವ ಸಾಫ್ಟ್‌ವೇರ್ ಇಲ್ಲ.

ದುಡ್ಡು ಸಣ್ಣದು ಅನ್ನಿಸಬಹುದು. ಆದರೆ ಆ ರಾತ್ರಿ ಕಚೇರಿಯಲ್ಲಿ ಕೂತವರು ಯಾರು ಅಂತ ಯೋಚಿಸಿ. ಪಾಂಡವಪುರದ ಕಡೆಯ ಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುವ ಹುಡುಗಿ, ಕೊನೇ ಬಸ್ ತಪ್ಪಿಸಿಕೊಂಡು, ಮನೆಯಿಂದ ಅಪ್ಪ ಬೈಕ್ ತರುವವರೆಗೆ ಪರದೆ ನೋಡುತ್ತಾ ಕೂರುತ್ತಾಳೆ. ಅವಳ ಈ ಹೊತ್ತಿಗೆ ಯಾವ ಇಲಾಖೆಯೂ ಬೆಲೆ ಕಟ್ಟುವುದಿಲ್ಲ. ಪೋರ್ಟಲ್ ನಿಂತರೆ ನಿಜವಾದ ಖರ್ಚು ಬೀಳುವುದು ಇಂಥವರ ಮೇಲೆ.

ಇನ್ನೊಂದು ನಷ್ಟ ಇದಕ್ಕಿಂತ ದೊಡ್ಡದು, ಆದರೆ ಕಣ್ಣಿಗೆ ಬೀಳುವುದಿಲ್ಲ. ಮಾರಿದ ಬಿಲ್ಲುಗಳ ವಿವರ, ಅಂದರೆ ಜಿಎಸ್‌ಟಿಆರ್-1, ಪ್ರತಿ ತಿಂಗಳು 11ರೊಳಗೆ ಹೋಗಬೇಕು. 14ಕ್ಕೆ ಕೊಂಡವರ ಜಿಎಸ್‌ಟಿಆರ್-2ಬಿ, ಅಂದರೆ ಅವರ ಖರೀದಿ ಬಿಲ್ಲುಗಳ ಪಟ್ಟಿ, ತಯಾರಾಗುತ್ತದೆ. ನೀವು 11ಕ್ಕೆ ಹಾಕಲು ಆಗದಿದ್ದರೆ ನಿಮ್ಮ ಬಿಲ್ಲು ಅವರ 2ಬಿಯಲ್ಲಿ ಕಾಣಿಸುವುದಿಲ್ಲ. ಕಾಣಿಸದಿದ್ದರೆ ಆ ತಿಂಗಳು ಅವರಿಗೆ ಇನ್‌ಪುಟ್ ಕ್ರೆಡಿಟ್ ಇಲ್ಲ, ಅಂದರೆ ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ತಾವು ಕಟ್ಟುವುದರಲ್ಲಿ ಕಳೆದುಕೊಳ್ಳುವಂತಿಲ್ಲ. ಮಂಡ್ಯದಿಂದ ಬೆಂಗಳೂರಿನ ಕಂಟ್ರಾಕ್ಟರ್‌ಗೆ ಸರಕು ಕಳಿಸುವ ಹಾರ್ಡ್‌ವೇರ್ ಅಂಗಡಿಯವರು ಇಲ್ಲಿ ಇದ್ದೀರಿ. ಆ ಪಾರ್ಟಿ ಏನು ಮಾಡುತ್ತಾನೆ? ಬಿಲ್ಲಿನ ಜಿಎಸ್‌ಟಿ ಭಾಗವನ್ನು ತಡೆಹಿಡಿಯುತ್ತಾನೆ. ‘ನಿಮ್ಮದು 2ಬಿಯಲ್ಲಿ ಬಂದ ಮೇಲೆ ಕೊಡ್ತೀನಿ’ ಅನ್ನುತ್ತಾನೆ. ಸರ್ವರ್ ಇರಲಿಲ್ಲ ಅಂದರೆ ಅವನಿಗೇನು? ಒಂದು ಪೋರ್ಟಲ್‌ನ ಒಂದು ದಿನದ ತೊಂದರೆ, ಒಂದು ಅಂಗಡಿಯ ಒಂದು ತಿಂಗಳ ಬಂಡವಾಳವನ್ನು ಕಟ್ಟಿಹಾಕುತ್ತದೆ.

ಇದು ಊಹೆಯ ಮಾತಲ್ಲ. 2025ರ ಜನವರಿಯಲ್ಲಿ ಜಿಎಸ್‌ಟಿ ಪೋರ್ಟಲ್ ಸರಿಯಾಗಿ ಕೊನೇ ದಿನದ ಹಿಂದೆ ಕೈಕೊಟ್ಟಿತು. ಜಿಎಸ್‌ಟಿಆರ್-1 ಗಡುವನ್ನು 11ರಿಂದ 13ಕ್ಕೆ ಹಾಕಿದರು, ತಿಂಗಳ 3ಬಿಯನ್ನು 20ರಿಂದ 22ಕ್ಕೆ. ಮುಂದೂಡಿದ್ದು ಸರಿ, ಬೇಗ ಮಾಡಿದ್ದೂ ಸರಿ. ಆದರೆ ಆದೇಶ ಕೈಗೆ ಬರುವವರೆಗೆ ದೇಶದಲ್ಲಿ ಎಷ್ಟು ಕಚೇರಿಗಳು ಹಗಲು ರಾತ್ರಿ ಕೂತಿದ್ದವು ಅಂತ ನಿಮಗೇ ಗೊತ್ತು. ಸಂಕ್ರಾಂತಿಯ ಹಿಂದಿನ ದಿನ ಎಳ್ಳು ಬೆಲ್ಲ ಮಾಡುವುದು ಬಿಟ್ಟು ಬಿಲ್ಲು ಹಾಕುತ್ತಿದ್ದವರು ಇಲ್ಲೇ ಇದ್ದೀರಿ.

ಹಾಗಾದರೆ ಹಿಂದಿನ ಕಾಲವೇ ವಾಸಿ ಇತ್ತಾ? ನಾನು ಹಾಗೆ ಹೇಳುವುದಿಲ್ಲ. ಕರ್ನಾಟಕಕ್ಕೆ ಈ ವಿಷಯದಲ್ಲಿ ಒಳ್ಳೇ ಹೆಸರಿತ್ತು. ಜಿಎಸ್‌ಟಿಗಿಂತ ಮೊದಲಿನ ವ್ಯಾಟ್ ತೆರಿಗೆ ಕಾಲದ ಇ-ಸುಗಮ್ ನೆನಪಿದೆ ಅಲ್ವಾ? ಲಾರಿ ಹೊರಡುವ ಮೊದಲು ನಂಬರ್ ತೆಗೆದು ಡ್ರೈವರ್ ಕೈಗೆ ಕೊಡುತ್ತಿದ್ದಿರಿ. ಜಿಎಸ್‌ಟಿ ಬಂದ ಮೇಲೆ, ಸರಕು ಸಾಗಿಸಲು ಬೇಕಾದ ಇ-ವೇ ಬಿಲ್ಲನ್ನು ಎಲ್ಲರಿಗಿಂತ ಮೊದಲು, 2017ರ ಸೆಪ್ಟೆಂಬರ್‌ನಲ್ಲೇ, ನಡೆಸಿದ್ದು ನಮ್ಮ ರಾಜ್ಯ. ಅದು ಚೆನ್ನಾಗೇ ನಡೆಯುತ್ತಿತ್ತು. ಆಮೇಲೆ 2018ರ ಫೆಬ್ರವರಿ 1ರಂದು ಇಡೀ ದೇಶಕ್ಕೆ ಕಡ್ಡಾಯ ಮಾಡಿದರು. ಮೊದಲನೇ ದಿನವೇ ಕುಸಿಯಿತು. ಅವತ್ತೇ ಮುಂದೂಡಿದರು. ಎರಡು ತಿಂಗಳು ತಗೊಂಡು ಸರಿಮಾಡಿ, ಏಪ್ರಿಲ್ 1ರಿಂದ ಮತ್ತೆ ಶುರು ಮಾಡಿದರು. ಆಗ ಮೊದಲು ರಾಜ್ಯದಿಂದ ರಾಜ್ಯಕ್ಕೆ ಹೋಗುವ ಸರಕಿಗೆ ಮಾತ್ರ. ರಾಜ್ಯದ ಒಳಗಿನ ಸಾಗಾಟಕ್ಕೂ ಅವತ್ತೇ ಶುರು ಮಾಡಿದ್ದು ಕರ್ನಾಟಕ ಒಂದೇ. ಉಳಿದ ರಾಜ್ಯಗಳು ಹಂತ ಹಂತವಾಗಿ ಸೇರಿಕೊಂಡವು. ಇವತ್ತು ಇ-ವೇ ಬಿಲ್ ಬಗ್ಗೆ ನೀವು ದೂರುವುದು ಕಡಿಮೆ.

ಈ ಕತೆ ನನಗೆ ಬಹಳ ಮುಖ್ಯ. ಯಾಕೆಂದರೆ ನಮ್ಮಲ್ಲಿ ಬುದ್ಧಿವಂತರಿಲ್ಲ, ಇಂಥ ದೊಡ್ಡ ಸಿಸ್ಟಂ ಭಾರತದಲ್ಲಿ ಆಗುವುದಿಲ್ಲ ಅನ್ನುವವರಿಗೆ ಇದೇ ಉತ್ತರ. ಒಂದೇ ದಿನ ಎಲ್ಲರನ್ನೂ ನುಗ್ಗಿಸಿದಾಗ ಬಿತ್ತು. ಸ್ವಲ್ಪ ಸ್ವಲ್ಪ ಜನರನ್ನು ಬಿಟ್ಟಾಗ ನಿಂತಿತು.

ರಿಟರ್ನ್ ವಿಷಯದಲ್ಲಿ ಆ ತಾಳ್ಮೆ ಇರಲಿಲ್ಲ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದಾಗ ಕಾನೂನಿನಲ್ಲಿದ್ದ ಯೋಜನೆ ಬೇರೆ. ಮಾರಿದ್ದಕ್ಕೆ ಒಂದು ಫಾರಂ, ಕೊಂಡಿದ್ದಕ್ಕೆ ಒಂದು, ಎರಡೂ ತಾಳೆಯಾಗಿ ಮೂರನೆಯದು. ಪೋರ್ಟಲ್ ಅದನ್ನು ಹೊರಲಿಲ್ಲ. ಎರಡನೆಯದನ್ನೂ ಮೂರನೆಯದನ್ನೂ ಕೆಲವೇ ತಿಂಗಳಲ್ಲಿ ಬದಿಗಿಟ್ಟರು. ಸದ್ಯಕ್ಕೆ ಇರಲಿ ಅಂತ ತಂದಿದ್ದ 3ಬಿ ಇವತ್ತಿಗೂ ಇದೆ. ಕೊಂಡವರ ಕಡೆ ಲೆಕ್ಕ ತೋರಿಸುವ 2ಬಿ ಬಂದಿದ್ದು 2020ರಲ್ಲಿ. ಮೊದಲ ವರ್ಷದ ವಾರ್ಷಿಕ ರಿಟರ್ನ್ ಕತೆ ಕೇಳಿ. 2017-18ರದ್ದನ್ನು 2018ರ ಡಿಸೆಂಬರ್ 31ಕ್ಕೆ ಹಾಕಬೇಕಿತ್ತು. ಮುಂದೂಡಿ ಮುಂದೂಡಿ ಅದು ಮುಗಿದದ್ದು 2020ರ ಫೆಬ್ರವರಿಯಲ್ಲಿ. ಅಷ್ಟೊತ್ತಿಗೆ ಎಷ್ಟೋ ಅಂಗಡಿಯವರ ಬಳಿ ಆ ವರ್ಷದ ಬಿಲ್ಲಿನ ಮಸಿಯೇ ಮಾಸಿಹೋಗಿತ್ತು. ಥರ್ಮಲ್ ಕಾಗದದ ಬಿಲ್ಲು ಎಷ್ಟು ದಿನ ಬಾಳುತ್ತದೆ ಹೇಳಿ.

ಅದೇ ಹೊತ್ತಿನಲ್ಲಿ, 2020ರ ಮಾರ್ಚ್‌ನಲ್ಲಿ, ಪೋರ್ಟಲ್ ಕಟ್ಟಿದ ಇನ್ಫೋಸಿಸ್‌ನ ನಂದನ್ ನಿಲೇಕಣಿಯವರು, ಜಿಎಸ್‌ಟಿ ವಿಷಯ ತೀರ್ಮಾನಿಸುವ ಜಿಎಸ್‌ಟಿ ಕೌನ್ಸಿಲ್ ಮುಂದೆ ಬಂದು ವಿವರಣೆ ಕೊಟ್ಟರು. ಒಂದೇ ಹೊತ್ತಿಗೆ 1.5 ಲಕ್ಷ ಜನ ಬಳಸಬಹುದಾಗಿದ್ದ ಸಿಸ್ಟಂ ಅನ್ನು 3 ಲಕ್ಷಕ್ಕೆ ಏರಿಸುವ ಮಾತು ಅವತ್ತು ಆಯಿತು. ಇಲ್ಲಿ ಸುಮ್ನೆ ಒಂದು ಲೆಕ್ಕ ಮಾಡಿ. ನೋಂದಾಯಿತ ವರ್ತಕರು ಆಗಲೇ ಒಂದು ಕೋಟಿ ದಾಟಿದ್ದರು. ಅವರಲ್ಲಿ ದೊಡ್ಡ ಪಾಲು ಕೊನೇ ಎರಡು ದಿನಕ್ಕೆ ಬರುತ್ತಾರೆ. ಬಾಗಿಲಿನ ಅಗಲ 1.5 ಲಕ್ಷ. ತಂತ್ರಜ್ಞಾನ ಗೊತ್ತಿಲ್ಲದವರಿಗೂ ಇದರ ಫಲ ಏನಾಗುತ್ತದೆ ಅಂತ ಗೊತ್ತಾಗುತ್ತದೆ.

ಆದಾಯ ತೆರಿಗೆ ಕಡೆಗೆ ಬರೋಣ. 2021ರ ಜೂನ್ 7ರಂದು ಹೊಸ ಪೋರ್ಟಲ್ ಬಂತು. ಹಳೆಯದು ನಿಧಾನ, ಹೊಸದು ಚುರುಕು ಅಂತ ಹೇಳಿದ್ದರು. ಬಂದ ದಿನದಿಂದ ತೊಂದರೆ. ಹಣಕಾಸು ಸಚಿವರು ಆಗಸ್ಟ್‌ನಲ್ಲಿ ಅದನ್ನು ಕಟ್ಟಿದ ಕಂಪನಿಯ ಮುಖ್ಯಸ್ಥರನ್ನೇ ಕರೆಸಿ ವಿವರಣೆ ಕೇಳಬೇಕಾಯಿತು. ಗಡುವು ಮುಗಿಯದಿದ್ದರೂ ಕೆಲವರಿಗೆ ಬಡ್ಡಿ, ಲೇಟ್ ಫೀ ಹಾಕಿಬಿಟ್ಟಿತ್ತು ಸಾಫ್ಟ್‌ವೇರ್. ತಪ್ಪು ಲೆಕ್ಕ ಅಂತ ಇಲಾಖೆಯೇ ಒಪ್ಪಿಕೊಂಡು ಸರಿಮಾಡಿತು. ಆ ವರ್ಷದ ಜುಲೈ 31ರ ಗಡುವು ಕೊನೆಗೆ ಡಿಸೆಂಬರ್ 31ಕ್ಕೆ ಹೋಯಿತು. ಹಾಗಾಗಿ ಹಳೇ ಯಂತ್ರ ಕಿತ್ತು ಹೊಸದು ಹಾಕಿದರೆ ಎಲ್ಲ ಸರಿಹೋಗುತ್ತದೆ ಅನ್ನುವುದನ್ನು ನಾನು ನಂಬುವುದಿಲ್ಲ.

ಈ ಮಾತಿಗೆ ಅಮೆರಿಕದ ಉದಾಹರಣೆ ಇನ್ನೂ ಚೆನ್ನಾಗಿದೆ. ಅಲ್ಲಿನ ತೆರಿಗೆ ಇಲಾಖೆಯ ಮೂಲ ಕಡತ, ಅಂದರೆ ಪ್ರತಿಯೊಬ್ಬ ತೆರಿಗೆದಾರನ ಖಾತೆ ಇರುವ ಜಾಗ, 1960ರ ದಶಕದ್ದು. ಕೋಬಾಲ್ ಮತ್ತು ಅಸೆಂಬ್ಲಿ ಅನ್ನುವ ಹಳೇ ಭಾಷೆಗಳಲ್ಲಿ ಬರೆದದ್ದು. ಅದನ್ನು ಓದಬಲ್ಲವರು ಒಬ್ಬೊಬ್ಬರಾಗಿ ನಿವೃತ್ತರಾಗುತ್ತಿದ್ದಾರೆ. 2018ರ ಏಪ್ರಿಲ್ 17, ಅಲ್ಲಿ ರಿಟರ್ನ್ ಹಾಕಲು ಕೊನೇ ದಿನ. ಅವತ್ತೇ ಆನ್‌ಲೈನ್ ಸಲ್ಲಿಕೆ ಸುಮಾರು 11 ಗಂಟೆ ನಿಂತುಹೋಯಿತು. ಎಲ್ಲರೂ ‘ನೋಡಿ, ಅರವತ್ತು ವರ್ಷದ ಹಳೇ ಸಿಸ್ಟಂ’ ಅಂದರು. ತನಿಖೆ ಮಾಡಿದರೆ ಕಾರಣ ಬೇರೆ. ಮಾಹಿತಿ ಇಟ್ಟಿದ್ದ ಸ್ಟೋರೇಜ್ ಯಂತ್ರ ಕೊಂಡು ಒಂದೂವರೆ ವರ್ಷ ಆಗಿತ್ತು ಅಷ್ಟೆ. ಅದರೊಳಗಿನ ಸಾಫ್ಟ್‌ವೇರ್‌ನಲ್ಲಿ ದೋಷವಿತ್ತು. ಆ ದೋಷಕ್ಕೆ ತಿದ್ದುಪಡಿ ತಿಂಗಳುಗಳ ಮೊದಲೇ ಬಂದಿತ್ತು. ಹಾಕಿರಲಿಲ್ಲ. ಅಲ್ಲಿನ ಇಲಾಖೆ ಒಂದು ಕೆಲಸ ಮಾತ್ರ ತಕ್ಷಣ ಮಾಡಿತು. ಗಡುವನ್ನು ಒಂದು ದಿನ ಮುಂದಕ್ಕೆ ಹಾಕಿತು. ಯಾರೂ ಅರ್ಜಿ ಕೊಡಬೇಕಾಗಿರಲಿಲ್ಲ.

ಆಸ್ಟ್ರೇಲಿಯಾದಲ್ಲೂ ಹೀಗೇ. 2016ರ ಡಿಸೆಂಬರ್‌ನಲ್ಲಿ ಅಲ್ಲಿನ ತೆರಿಗೆ ಕಚೇರಿಯ ಸಿಸ್ಟಂಗಳು ದಿನಗಟ್ಟಲೆ ನಿಂತವು. ಕಾರಣ ಮತ್ತೆ ಸ್ಟೋರೇಜ್, ಅದೂ ಹಿಂದಿನ ವರ್ಷವಷ್ಟೇ ಹಾಕಿದ ಹೊಸ ಯಂತ್ರ.

ಅಂದರೆ ವಯಸ್ಸೊಂದೇ ದೋಷ ಅಲ್ಲ. ನಮ್ಮಲ್ಲೇ ನೋಡಿ. ನಿಲ್ ರಿಟರ್ನ್ ಇದ್ದರೆ 14409ಕ್ಕೆ ಒಂದು ಎಸ್‌ಎಂಎಸ್ ಕಳಿಸಿ 3ಬಿ ಮುಗಿಸಬಹುದು. 2020ರ ಜೂನ್‌ನಿಂದ ಇದೆ. ಎಸ್‌ಎಂಎಸ್‌ಗಿಂತ ಹಳೇ ತಂತ್ರಜ್ಞಾನ ಬೇಕಾ? ಕೀಪ್ಯಾಡ್ ಫೋನಿನಲ್ಲೂ ಆಗುತ್ತದೆ. ಈ ಸಭೆಯಲ್ಲಿ ಎಷ್ಟು ಜನ ಬಳಸಿದ್ದೀರಿ ಕೈ ಎತ್ತಿ ಅಂದರೆ ನಾಲ್ಕೈದು ಕೈ ಕಾಣುತ್ತಿವೆ. ಬಳಸಿ. ಒಳ್ಳೇದಿದೆ.

ಕಾಟ ಕೊಡುವುದು ಬೇರೆ ಥರದ ಹಳತು. ಟಿಡಿಎಸ್, ಅಂದರೆ ಹಣ ಕೊಡುವಾಗಲೇ ಹಿಡಿದುಕೊಳ್ಳುವ ತೆರಿಗೆ, ಅದರ ರಿಟರ್ನ್ ಹಾಕುವವರಿಗೆ ಗೊತ್ತು. ಅದಕ್ಕೆ ಯುಟಿಲಿಟಿ ಅನ್ನುವ ಒಂದು ಸಣ್ಣ ಸಾಫ್ಟ್‌ವೇರ್ ಇಳಿಸಿಕೊಳ್ಳಬೇಕು. ಅದು ಓಡಲು ಜಾವಾ ಅನ್ನುವ ಇನ್ನೊಂದು ಸಾಫ್ಟ್‌ವೇರ್ ಬೇಕು. ಕಂಪ್ಯೂಟರ್‌ನಲ್ಲಿರುವ ಜಾವಾಕ್ಕೂ ಯುಟಿಲಿಟಿಗೂ ಹೊಂದಿಕೆ ಆಗದಿದ್ದರೆ ತೆರೆಯುವುದೇ ಇಲ್ಲ. ಚಲನ್ ಫೈಲ್ ಬೇರೆ ಇಳಿಸಬೇಕು, ಎರಡನ್ನೂ ಸೇರಿಸಿ ಪರೀಕ್ಷೆ ಮಾಡಿಸಬೇಕು, ಎಲ್ಲೋ ಒಂದು ಪ್ಯಾನ್ ನಂಬರ್ ತಪ್ಪಿದ್ದರೆ ಅರ್ಥವಾಗದ ಒಂದು ಎರರ್ ಫೈಲ್ ಕೊಡುತ್ತದೆ. ಹಲವು ಕಚೇರಿಗಳಲ್ಲಿ ಮೂಲೆಯಲ್ಲಿ ಒಂದು ಹಳೇ ಕಂಪ್ಯೂಟರ್ ಇಟ್ಟುಕೊಂಡಿರುತ್ತಾರೆ. ಅದನ್ನು ಅಪ್‌ಡೇಟ್ ಮಾಡಬೇಡಿ ಅಂತ ಚೀಟಿ ಅಂಟಿಸಿರುತ್ತಾರೆ. ಟಿಡಿಎಸ್ ಮತ್ತು ಡಿಜಿಟಲ್ ಸಹಿಯ ಟೋಕನ್ ಎರಡೂ ಅದರಲ್ಲಿ ಮಾತ್ರ ಓಡುತ್ತವೆ ಅಂತ. ತಡವಾದರೆ ದಿನಕ್ಕೆ 200 ರೂಪಾಯಿ. ಸುರಕ್ಷತೆಗೆ ಅಪ್‌ಡೇಟ್ ಮಾಡಿ ಅಂತ ಸರ್ಕಾರದ ಒಂದು ಕೈ ಹೇಳುತ್ತದೆ, ಮಾಡಿದರೆ ನಮ್ಮ ಯುಟಿಲಿಟಿ ಓಡುವುದಿಲ್ಲ ಅಂತ ಇನ್ನೊಂದು ಕೈ ತೋರಿಸುತ್ತದೆ. ಸಣ್ಣ ಕಚೇರಿಯವರು ಯಾವ ಕೈ ಹಿಡಿಯಬೇಕು?

ಇನ್ನೊಂದು ಕಾಟ, ಕಾನೂನು ಬದಲಾದಂತೆಲ್ಲ ಹಳೇ ಸಾಫ್ಟ್‌ವೇರ್ ಮೇಲೆ ತೇಪೆ ಹಾಕುತ್ತಾ ಹೋಗುವುದು. ಇಲ್ಲಿ ಒಂದು ಅಪಾಯ ಇದೆ. ಕಾನೂನು ಹೇಳುವುದು ಒಂದು, ಸಾಫ್ಟ್‌ವೇರ್ ಬಿಡುವುದು ಇನ್ನೊಂದು ಆಗಿಬಿಡುತ್ತದೆ. 2024ರ ಜುಲೈ 5ರಂದು ಆದಾಯ ತೆರಿಗೆ ಯುಟಿಲಿಟಿಯಲ್ಲಿ ಒಂದು ಬದಲಾವಣೆ ಮಾಡಿದರು. ಹೊಸ ಪದ್ಧತಿಯಲ್ಲಿ 7 ಲಕ್ಷದವರೆಗೆ ಆದಾಯ ಇದ್ದವರಿಗೆ 87ಎ ಅಡಿ ರಿಬೇಟ್, ಅಂದರೆ ತೆರಿಗೆ ವಿನಾಯಿತಿ, ಇತ್ತಲ್ಲ, ಷೇರು ಮಾರಿದ ಲಾಭದಂಥ ವಿಶೇಷ ದರದ ಆದಾಯಕ್ಕೆ ಅದನ್ನು ಕೇಳಲು ಸಾಫ್ಟ್‌ವೇರ್ ಬಿಡಲಿಲ್ಲ. 4ನೇ ತಾರೀಖು ಹಾಕಿದವನಿಗೆ ರಿಬೇಟ್ ಬಂತು. 6ನೇ ತಾರೀಖು ಹಾಕಿದವನು ಕೇಳಲೂ ಆಗಲಿಲ್ಲ. ಕಾನೂನಿನ ಪುಸ್ತಕದಲ್ಲಿ ಆ ಎರಡು ದಿನದ ಮಧ್ಯೆ ಒಂದಕ್ಷರ ಬದಲಾಗಿರಲಿಲ್ಲ. ಮುಂಬೈನ ತೆರಿಗೆ ಸಲಹೆಗಾರರ ಸಂಘದವರು ಬಾಂಬೆ ಹೈಕೋರ್ಟಿಗೆ ಹೋದರು. ರಿಬೇಟ್ ಸಿಗಬೇಕೋ ಬೇಡವೋ ಅದು ಅಧಿಕಾರಿ, ಕೋರ್ಟು ತೀರ್ಮಾನ ಮಾಡಲಿ, ಕೇಳುವುದನ್ನೇ ಸಾಫ್ಟ್‌ವೇರ್ ತಡೆಯಬಾರದು ಅನ್ನುವ ನಿಲುವನ್ನು ಕೋರ್ಟು 2025ರ ಜನವರಿಯಲ್ಲಿ ತಗೊಂಡಿತು. ಆ ಮೇಲೆ ಸರ್ಕಾರ ಕಾನೂನನ್ನೇ ತಿದ್ದಿ ಮುಂದಿನ ವರ್ಷಗಳಿಗೆ ಸ್ಪಷ್ಟ ಮಾಡಿತು. ಮಾಡಬೇಕಾದ ರೀತಿ ಅದೇ. ಕಾನೂನು ಬದಲಾಯಿಸಬೇಕಾದರೆ ಸಂಸತ್ತಿನಲ್ಲಿ ಬದಲಾಯಿಸಲಿ, ಜುಲೈ ತಿಂಗಳ ಒಂದು ಅಪ್‌ಡೇಟ್‌ನಲ್ಲಿ ಅಲ್ಲ.

ಬದಲಾವಣೆ ಅಂದಾಗ ಗಿರಣಿಯವರ ಮಾತು ನೆನಪಾಗುತ್ತದೆ. 2022ರ ಜುಲೈನಲ್ಲಿ 25 ಕೆ.ಜಿ.ವರೆಗಿನ ಪ್ಯಾಕ್ ಮಾಡಿದ ಅಕ್ಕಿಗೆ 5% ಜಿಎಸ್‌ಟಿ ಬಂತು. ಅಧಿಸೂಚನೆ 13ನೇ ತಾರೀಖು, ಜಾರಿ 18ನೇ ತಾರೀಖು. ಐದು ದಿನದಲ್ಲಿ ನೀವು ಬಿಲ್ಲಿಂಗ್ ಬದಲಾಯಿಸಿದಿರಿ, ಚೀಲ ಬದಲಾಯಿಸಿದಿರಿ, 26 ಕೆ.ಜಿ. ಚೀಲ ಆಗ ಬಂದಿದ್ದೇ. 2025ರಲ್ಲೂ ಅಷ್ಟೇ. ದರ ಇಳಿಕೆಯ ಅಧಿಸೂಚನೆ ಸೆಪ್ಟೆಂಬರ್ 17ಕ್ಕೆ, ಜಾರಿ 22ಕ್ಕೆ. ಸಣ್ಣ ಅಂಗಡಿಯವರು ಒಂದೊಂದು ಸಾಮಾನಿಗೂ ದರ ತಿದ್ದಿಕೊಂಡು ಸೋಮವಾರ ಬೆಳಿಗ್ಗೆ ಅಂಗಡಿ ತೆಗೆದರು. ನಮಗೆ ಐದು ದಿನ ಸಾಕು ಅನ್ನುವ ಸರ್ಕಾರ, ತನ್ನ ಫಾರಂ ಸಿದ್ಧ ಮಾಡಲು ತಿಂಗಳುಗಟ್ಟಲೆ ತಗೊಳ್ಳುತ್ತದೆ. ಅದೇ ವರ್ಷ ಆದಾಯ ತೆರಿಗೆ ಫಾರಂಗಳು, ಯುಟಿಲಿಟಿಗಳು ತಡವಾಗಿ ಬಂದವು. ಜುಲೈ 31ರ ಗಡುವು ಸೆಪ್ಟೆಂಬರ್ 15ಕ್ಕೆ ಹೋಯಿತು. ಸೆಪ್ಟೆಂಬರ್ 15 ಅಂದರೆ ಅಡ್ವಾನ್ಸ್ ಟ್ಯಾಕ್ಸ್ ಎರಡನೇ ಕಂತಿನ ದಿನವೂ ಹೌದು. ಎರಡೂ ಗುಂಪನ್ನು ಒಂದೇ ಪೋರ್ಟಲ್‌ಗೆ ಒಂದೇ ದಿನ ಕರೆದರು. ಏನಾಯಿತು? 15ರ ತಡರಾತ್ರಿ ಇನ್ನೊಂದು ದಿನ ಕೊಟ್ಟಿದ್ದೇವೆ ಅಂತ ಪ್ರಕಟಣೆ. ಅಷ್ಟೊತ್ತಿಗೆ ಅರ್ಧ ಜನ ಕೈಚೆಲ್ಲಿ ಮಲಗಿದ್ದರು. ಇದು ಸರ್ವರ್‌ನ ತಪ್ಪಲ್ಲ. ಕ್ಯಾಲೆಂಡರ್ ನೋಡದವರ ತಪ್ಪು.

ಈಗ ಕೋರ್ಟಿನ ವಿಷಯಕ್ಕೆ ಬರುತ್ತೇನೆ, ಸ್ವಲ್ಪ ಗಮನ ಕೊಡಿ. 2017ರ ಜುಲೈನಿಂದ ಸೆಪ್ಟೆಂಬರ್‌ವರೆಗೆ ಆಗ ಖರೀದಿ ಲೆಕ್ಕ ತೋರಿಸಬೇಕಿದ್ದ ಜಿಎಸ್‌ಟಿಆರ್-2ಎ ಓಡುತ್ತಿರಲಿಲ್ಲ. ಅದರಿಂದ ತಮ್ಮ ಇನ್‌ಪುಟ್ ಕ್ರೆಡಿಟ್ ಎಷ್ಟಿದೆ ಅಂತ ತಿಳಿಯದೆ 923 ಕೋಟಿ ರೂಪಾಯಿ ಜಾಸ್ತಿ ನಗದು ಕಟ್ಟಿದ್ದೇವೆ ಅಂತ ಭಾರ್ತಿ ಏರ್‌ಟೆಲ್ ಹೇಳಿತು. ದೆಹಲಿ ಹೈಕೋರ್ಟ್ ಒಪ್ಪಿತು. 2021ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಪೋರ್ಟಲ್ ಬರೀ ಅನುಕೂಲಕ್ಕೆ ಇರುವುದು, ಲೆಕ್ಕ ನಿಮ್ಮ ಪುಸ್ತಕದಲ್ಲಿರಬೇಕು ಅಂದಿತು. ಪುಸ್ತಕ ಸರಿಯಾಗಿ ಇಡಬೇಕು ಅನ್ನುವುದನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಇವತ್ತು 2ಬಿಯಲ್ಲಿ ಬರದ ಕ್ರೆಡಿಟ್ ಪುಸ್ತಕದಲ್ಲಿದ್ದರೂ ಕೊಡುವುದಿಲ್ಲ ಅಲ್ವಾ? ಕೇಳುವಾಗ ಪೋರ್ಟಲ್ ಬರೀ ಅನುಕೂಲ, ಕೊಡುವಾಗ ಪೋರ್ಟಲ್ಲೇ ಕಾನೂನು. ಎರಡೂ ಹೇಗೆ ನಿಜವಾಗುತ್ತದೆ?

ಆಮೇಲೆ ಗಾಳಿ ಸ್ವಲ್ಪ ತಿರುಗಿತು. ಹಳೇ ವ್ಯಾಟ್ ಕ್ರೆಡಿಟ್ ಅನ್ನು ಜಿಎಸ್‌ಟಿಗೆ ತರುವ ಟ್ರಾನ್-1 ಫಾರಂ ಪೋರ್ಟಲ್ ತೊಂದರೆಯಿಂದ ಹಾಕಲಾಗದೆ ಸಾವಿರಾರು ಜನ ಹೈಕೋರ್ಟುಗಳಿಗೆ ಅಲೆದಿದ್ದರು. 2022ರಲ್ಲಿ ಸುಪ್ರೀಂ ಕೋರ್ಟ್ ಎರಡು ತಿಂಗಳು ಪೋರ್ಟಲ್ ತೆರೆಯಿರಿ ಅಂತ ಹೇಳಿತು. ಅಕ್ಟೋಬರ್, ನವೆಂಬರ್‌ನಲ್ಲಿ ತೆರೆದರು. ಐದು ವರ್ಷದ ಮೇಲೆ. ಅಂಗಡಿ ಮುಚ್ಚಿ ಹೋದವರಿಗೆ ಅದರಿಂದ ಏನೂ ಆಗಲಿಲ್ಲ. 2025ರ ಮಾರ್ಚ್‌ನಲ್ಲಿ ಅಬರ್‌ಡೇರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಯಿತು. ರಿಟರ್ನ್‌ನಲ್ಲಿ ಅರಿಯದೆ ಆದ ತಪ್ಪನ್ನು ತಿದ್ದಿಕೊಳ್ಳಲು ಬಿಡದೇ ಇರಲು ಸಾಫ್ಟ್‌ವೇರ್‌ನ ಮಿತಿ ನೆಪ ಆಗಬಾರದು, ಸಾಫ್ಟ್‌ವೇರ್ ಇರುವುದೇ ಕೆಲಸ ಹಗುರ ಮಾಡಲು ಅನ್ನುವ ಅರ್ಥದಲ್ಲಿ ಹೇಳಿತು. ನಮ್ಮ ಕೈಯಲ್ಲಿ ಈಗ ಇರುವ ದೊಡ್ಡ ಬಲ ಈ ಮಾತು.

ಇನ್ನೊಂದು ವಿಷಯ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಬಂತಲ್ಲ. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ 29 ಲಕ್ಷದ ನೋಟಿಸ್. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ. ಅಂಗಡಿಗಳು ಕ್ಯೂಆರ್ ಕೋಡ್ ತೆಗೆದು ‘ನಗದು ಮಾತ್ರ’ ಅಂತ ಬೋರ್ಡ್ ಹಾಕಿದವು. ಹಳೇ ಬಾಕಿ ಕೇಳುವುದಿಲ್ಲ ಅಂತ ಕೊನೆಗೆ ಸರ್ಕಾರ ಹೇಳಿತು. ಇಲಾಖೆಯ ಕಡೆ ನಾಲ್ಕು ವರ್ಷದ ಹಿಂದಿನ ವಹಿವಾಟು ಹೆಕ್ಕಿ ತೆಗೆಯುವ ತಂತ್ರಜ್ಞಾನ ಇದೆ. ಆ ತರಕಾರಿಯವನು ತನ್ನ ಉತ್ತರವನ್ನು ಕನ್ನಡದಲ್ಲಿ, ಫೋನಿನಲ್ಲಿ, ಯಾರ ಸಹಾಯವೂ ಇಲ್ಲದೆ ಸಲ್ಲಿಸುವ ತಂತ್ರಜ್ಞಾನ ಇಲ್ಲ. ವಸೂಲಿಯ ಕಡೆ ಹೊಸದು, ಸೇವೆಯ ಕಡೆ ಹಳತು. ನನಗೆ ಸಿಟ್ಟು ಬರುವುದು ಇಲ್ಲಿ.

ಪರಿಹಾರ ಏನು? ವಿ.ಸಿ. ನಾಲೆಯ ಊರಿನವರಿಗೆ ನಾನು ಹೊಸದಾಗಿ ಹೇಳಬೇಕಾಗಿಲ್ಲ. ನೀರು ಕಡಿಮೆ ಇದ್ದಾಗ ಕಟ್ಟು ಪದ್ಧತಿಯಲ್ಲಿ ಬಿಡುತ್ತಾರೆ. ಇಷ್ಟು ದಿನ ಬಿಡುವುದು, ಇಷ್ಟು ದಿನ ನಿಲ್ಲಿಸುವುದು, ಸರದಿಯ ಮೇಲೆ. ಎಲ್ಲ ತೂಬೂ ಒಂದೇ ದಿನ ಎತ್ತಿದರೆ ಕೊನೇ ಭಾಗಕ್ಕೆ ಹನಿಯೂ ಹೋಗುವುದಿಲ್ಲ. ರಿಟರ್ನ್ ಗಡುವಿಗೂ ಸರದಿ ಬೇಕು. ಮೂರು ತಿಂಗಳಿಗೊಮ್ಮೆ ಹಾಕುವ ಸಣ್ಣವರಿಗೆ ಇದು ಆಗಲೇ ಇದೆ, ಕರ್ನಾಟಕಕ್ಕೆ 22, ಬೇರೆ ಕೆಲವು ರಾಜ್ಯಗಳಿಗೆ 24. ತಿಂಗಳಿಗೆ ಹಾಕುವವರೆಲ್ಲ ಇನ್ನೂ 20ಕ್ಕೇ ನುಗ್ಗುತ್ತಾರೆ. ಅದನ್ನೂ ಹಂಚಲಿ. ಹೊಸ ಯಂತ್ರ ಕೊಳ್ಳಬೇಕಾಗಿಲ್ಲ, ಒಂದು ಅಧಿಸೂಚನೆ ಸಾಕು.

ಪೋರ್ಟಲ್ ಎಷ್ಟು ಹೊತ್ತಿಗೆ ನಿಂತಿತು, ಎಷ್ಟು ಹೊತ್ತಿಗೆ ಎದ್ದಿತು ಅನ್ನುವ ದಾಖಲೆ ಸರ್ಕಾರದ ಬಳಿ ನಿಮಿಷ ನಿಮಿಷಕ್ಕೂ ಇರುತ್ತದೆ. ಅದನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಲಿ. ಕೊನೇ ಮೂರು ದಿನದಲ್ಲಿ ಇಷ್ಟು ಗಂಟೆಗಿಂತ ಜಾಸ್ತಿ ನಿಂತರೆ ಗಡುವು ತಾನಾಗೇ ಅಷ್ಟು ದಿನ ಮುಂದೆ ಹೋಗುತ್ತದೆ ಅಂತ ನಿಯಮದಲ್ಲೇ ಬರೆಯಲಿ. ಲೇಟ್ ಫೀ ತಾನಾಗೇ ತುಂಬುವ ಸಾಫ್ಟ್‌ವೇರ್‌ಗೆ ಅದನ್ನು ತಾನಾಗೇ ತೆಗೆಯುವುದೂ ಕಷ್ಟ ಆಗಬಾರದು. ನಮ್ಮ ಸಂಘದಿಂದ ಕೌನ್ಸಿಲ್‌ಗೆ ಬರೆಯುವುದಾದರೆ ಈ ಎರಡನ್ನೇ ಬರೆಯೋಣ. ಹತ್ತು ಬೇಡಿಕೆ ಬರೆದರೆ ಯಾರೂ ಓದುವುದಿಲ್ಲ.

ಒಬ್ಬರು ಚೀಟಿ ಕಳಿಸಿದ್ದೀರಿ: ‘ಅಲ್ಲಿಯವರೆಗೆ ನಾವೇನು ಮಾಡೋದು ಸರ್?’ ಒಳ್ಳೇ ಪ್ರಶ್ನೆ.

ಮೊದಲನೆಯದು, ದುಡ್ಡನ್ನು ಬೇಗ ಕಟ್ಟಿ. ರಿಟರ್ನ್ ಸಿದ್ಧ ಆಗದಿದ್ದರೂ 17, 18ಕ್ಕೆ ಅಂದಾಜು ಮಾಡಿ ಚಲನ್ ಕಟ್ಟಿಬಿಡಿ. 2024ರ ಜುಲೈನಲ್ಲಿ ನಿಯಮ 88ಬಿ ತಿದ್ದಿದ್ದಾರೆ. ಕೊನೇ ದಿನದೊಳಗೆ ಪೋರ್ಟಲ್‌ನಲ್ಲಿರುವ ನಿಮ್ಮ ನಗದು ಖಾತೆಗೆ, ಅಂದರೆ ಕ್ಯಾಶ್ ಲೆಡ್ಜರ್‌ಗೆ, ಬಂದು ರಿಟರ್ನ್ ಹಾಕುವವರೆಗೂ ಅಲ್ಲೇ ಇರುವ ದುಡ್ಡಿಗೆ ಬಡ್ಡಿ ಇಲ್ಲ. 18% ಬಡ್ಡಿ ಉಳಿಯುತ್ತದೆ. ಲೇಟ್ ಫೀ ಬರಬಹುದು, ಅದು ಸಣ್ಣದು. ಬ್ಯಾಂಕಿನಲ್ಲಿ ದುಡ್ಡು ಕಡಿತವಾಗಿ ಲೆಡ್ಜರ್‌ಗೆ ಬರದಿದ್ದರೆ ಗಾಬರಿಯಲ್ಲಿ ಎರಡನೇ ಸಲ ಕಟ್ಟಬೇಡಿ. ಒಂದು ದಿನ ನೋಡಿ, ಬರದಿದ್ದರೆ ಪಿಎಂಟಿ-07 ಫಾರಂನಲ್ಲಿ ದೂರು ಹಾಕಿ.

ಎರಡನೆಯದು ಸಾಕ್ಷಿ. ಎರರ್ ಬಂದಾಗ ಬೈದು ಕಿಟಕಿ ಮುಚ್ಚಬೇಡಿ. ಕೆಳಗಿನ ಗಡಿಯಾರ, ತಾರೀಖು ಕಾಣುವ ಹಾಗೆ ಇಡೀ ಪರದೆಯ ಫೋಟೋ ತೆಗೆಯಿರಿ. ತಕ್ಷಣ ಜಿಎಸ್‌ಟಿಯ ದೂರು ಪೋರ್ಟಲ್‌ನಲ್ಲಿ ಟಿಕೆಟ್ ತೆರೆದು ನಂಬರ್ ಬರೆದಿಟ್ಟುಕೊಳ್ಳಿ. ಟ್ರಾನ್-1 ಗಲಾಟೆಯಲ್ಲಿ ನಾನು ಹತ್ತಿರದಿಂದ ನೋಡಿದ್ದು ಇದು. ‘ಆಗ ಪ್ರಯತ್ನ ಮಾಡಿದ್ದೆವು’ ಅಂತ ತೋರಿಸಲು ಒಂದು ಫೋಟೋ, ಒಂದು ಟಿಕೆಟ್ ನಂಬರ್ ಇದ್ದವರ ಕೆಲಸ ಮುಂದೆ ಸಾಗಿತು. ಬರೀ ಬಾಯಿಮಾತಿನವರು ವರ್ಷಗಟ್ಟಲೆ ಕಾದರು.

ಮೂರನೆಯದನ್ನು ಒಬ್ಬೊಬ್ಬರೇ ಮಾಡಲು ಆಗುವುದಿಲ್ಲ, ಅದಕ್ಕೇ ಈ ಸಭೆಯಲ್ಲಿ ಹೇಳುತ್ತಿದ್ದೇನೆ. ಸಂಘದಲ್ಲಿ ಒಂದು ಪುಸ್ತಕ ಇಡಿ. ತಾರೀಖು, ಪೋರ್ಟಲ್ ಹೆಸರು, ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ ನಿಂತಿತು, ಟಿಕೆಟ್ ನಂಬರ್, ಇಷ್ಟೇ ಕಾಲಂ. ವಾಟ್ಸಾಪ್ ಗುಂಪಿನಲ್ಲಿ ‘ಸರ್ವರ್ ಡೌನ್’ ಅಂತ ಹಾಕಿ ಸುಮ್ಮನಾಗುವುದರ ಬದಲು ಆ ಸಾಲನ್ನು ಪುಸ್ತಕಕ್ಕೆ ಇಳಿಸಿ. ವರ್ಷದ ಕೊನೆಗೆ ಅದರ ನಕಲನ್ನು ನಮ್ಮ ಸಂಸದರಿಗೂ, ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಗೂ, ಜಿಎಸ್‌ಟಿ ಕೌನ್ಸಿಲ್ ಕಾರ್ಯದರ್ಶಿಗೂ ಕಳಿಸೋಣ. ಮೈಸೂರಿನ ಸಂಘದವರ ಜೊತೆ ನಾನು ಮಾತಾಡುತ್ತೇನೆ, ಅವರೂ ಇಂಥದ್ದೇ ಪುಸ್ತಕ ಇಟ್ಟರೆ ಎರಡು ಜಿಲ್ಲೆಯ ಲೆಕ್ಕ ಒಟ್ಟಿಗೆ ಹೋಗುತ್ತದೆ. ಬರೆಯುವ ಜವಾಬ್ದಾರಿ ಯಾರು ತಗೊಳ್ಳುತ್ತೀರಿ ಅಂತ ಇವತ್ತೇ ಎರಡು ಹೆಸರು ಕೊಡಿ. ಬರುವ 11ನೇ ತಾರೀಖಿನಿಂದ ಶುರು ಮಾಡೋಣ.